ಬುಲೆಟ್‌ಗೆ ಸೈಡ್‌ಕಾರ್ ಹಾಕಿಸಿದೆ, ಎಡಕ್ಕೆ ಎಳೆಯುತ್ತಿದೆ. ಸಾಕಾಗಿ ಹೋಗಿದೆ

ತೋಟದಮನೆ:
ಯಾರಾದರೂ ದಾರಿ ಹೇಳಿ. 35 ವರ್ಷ ಎರಡು ಚಕ್ರ ಓಡಿಸಿದವನು ನಾನು. ಮಂಡಿ ಆಪರೇಷನ್ ಆದಮೇಲೆ ಗಾಡಿ ನಿಲ್ಲಿಸುವಾಗ ಕಾಲು ಕೊಡಲು ಆಗುತ್ತಿಲ್ಲ. ಅದಕ್ಕೇ ಹಳೇ ಬುಲೆಟ್‌ಗೆ ಸೈಡ್‌ಕಾರ್ ಹಾಕಿಸಿದೆ. ಈಗ ನೇರ ರಸ್ತೆಯಲ್ಲೂ ಎಡಕ್ಕೇ ಎಳೆಯುತ್ತದೆ. ತೀರ್ಥಹಳ್ಳಿಯಿಂದ ಶಿವಮೊಗ್ಗ ಮುಟ್ಟುವಷ್ಟರಲ್ಲಿ ಭುಜ ಕಿತ್ತು ಬರುತ್ತದೆ. ಮೊನ್ನೆ ಆಗುಂಬೆ ಘಾಟಿ ಇಳಿಯುವಾಗ ಎಡ ತಿರುವಿನಲ್ಲಿ ಸೈಡ್‌ಕಾರ್ ಚಕ್ರ ನೆಲವನ್ನೇ ಬಿಟ್ಟಿತು. ಎದುರಿಗೆ ಬಸ್ಸು. ಎಲ್ಲ ಸರಿಯಾಗಿಯೇ ಜೋಡಿಸಿದ್ದೇವೆ.

ಗ್ರೀಸ್‌ಕೈ_ಸಾಗರ:
ಟೋ-ಇನ್, ಅಂದರೆ ಸೈಡ್‌ಕಾರ್ ಚಕ್ರದ ಮುಂಭಾಗ ಬೈಕಿನ ಕಡೆ ಸ್ವಲ್ಪ ತಿರುಗಿರುವುದು. ಬೇರೆ ಏನೂ ಅಲ್ಲ. ಬೈಕಿನ ಎರಡು ಚಕ್ರಕ್ಕೆ ಒಂದು ಪಟ್ಟಿ, ಸೈಡ್‌ಕಾರ್ ಚಕ್ರಕ್ಕೆ ಒಂದು ಪಟ್ಟಿ ಒತ್ತಿ ಇಡಿ. ಮುಂದಿನ ಅಂತರ ಹಿಂದಿನದಕ್ಕಿಂತ 10ರಿಂದ 20 ಮಿ.ಮೀ. ಕಡಿಮೆ ಬರಬೇಕು.

ತೋಟದಮನೆ:
ಅಳೆದೆ. 40 ಬಂತು.

ಗ್ರೀಸ್‌ಕೈ_ಸಾಗರ:
ನೋಡಿ, ಹೇಳಲಿಲ್ಲವಾ! ಯಾವುದರಲ್ಲಿ ಅಳೆದಿರಿ?

ತೋಟದಮನೆ:
ಅಡಿಕೆ ದಬ್ಬೆಯಲ್ಲಿ.

ಘಟ್ಟದಮೇಲೆ:
ಮಾರಾಯ್ರೆ, ದಬ್ಬೆ ಯಾವತ್ತು ನೇರ ಇತ್ತು? ಅಲ್ಯೂಮಿನಿಯಂ ಪೈಪ್ ತನ್ನಿ.

ಎಜ್ಡಿಭಕ್ತ:
ಈ ತಾಪತ್ರಯ ಎಲ್ಲ ಯಾಕೆ, ಗೂಡ್ಸ್ ಆಟೋ ತಗೊಳ್ಳಿ. ಅಂದಹಾಗೆ ಸೈಡ್‌ಕಾರ್ ಹಾಕಿದರೆ ತ್ರಿಚಕ್ರ ಲೈಸೆನ್ಸ್ ಬೇಕು. ಪೊಲೀಸ್ ಹಿಡಿದರೆ ಗೊತ್ತಾಗುತ್ತದೆ.

ಘಟ್ಟದಮೇಲೆ:
ತಪ್ಪು. 1988ರ ಮೋಟಾರು ವಾಹನ ಕಾಯ್ದೆಯ 2(27) ಓದಿ. ಬಿಚ್ಚಬಹುದಾದ ಸೈಡ್‌ಕಾರ್ ಇದ್ದರೂ ಅದು ಮೋಟಾರ್ ಸೈಕಲ್ಲೇ. ಲೈಸೆನ್ಸ್ ಅದೇ ಸಾಕು. ಆದರೆ ಗಾಡಿಯಲ್ಲಿ ಬದಲಾವಣೆ ಮಾಡಿಸಿದ್ದಕ್ಕೆ ಆರ್‌ಟಿಓ ಒಪ್ಪಿಗೆ ಬೇಕು, ಅದು 52ನೇ ಕಲಮು. ಆರ್‌ಸಿಯಲ್ಲಿ ಬರೆಸಿದ್ದೀರಾ ಸಾರ್? ಇಲ್ಲದಿದ್ದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯುತ್ತಾರೆ.

ಎಜ್ಡಿಭಕ್ತ:
ಕಾನೂನು ಪಾಠ ಬೇಡ ಸ್ವಾಮಿ. ನನ್ನ ಮೈಸೂರು ಎಜ್ಡಿಗೆ ಗೇರು, ಕಿಕ್ಕು ಎರಡೂ ಒಂದೇ ಲಿವರ್. ಅದರಲ್ಲೇ ಇಬ್ಬರನ್ನು ಕೂರಿಸಿಕೊಂಡು ಹುಲಿಕಲ್ ಘಾಟಿ ಹತ್ತಿದ್ದೇನೆ. ಬುಲೆಟ್ ಎಂತಕ್ಕೆ?

ತೋಟದಮನೆ:
ಎಜ್ಡಿ ಬಗ್ಗೆ ನಾನು ಕೇಳಿದ್ನಾ? ಪೈಪ್ ಇಟ್ಟು ಅಳೆದೆ, 17 ಮಿ.ಮೀ. ಇದೆ. ಎಳೆತ ಹಾಗೇ ಇದೆ.

ಗ್ರೀಸ್‌ಕೈ_ಸಾಗರ:
17 ನಿಮ್ಮ ಗಾಡಿಗೆ ಜಾಸ್ತಿ. 12 ಮಾಡಿ.

ತೋಟದಮನೆ:
ಮಾಡಿದೆ. ಒಂದು ಚೂರೂ ಬದಲಾಗಿಲ್ಲ.

ಗ್ರೀಸ್‌ಕೈ_ಸಾಗರ:
ಹಾಗಿದ್ದರೆ 15.

ಕೊಪ್ಪದಮಳೆ:
ಅಣ್ಣ, ಎಳೆತ ಯಾವಾಗ? ಎಕ್ಸಲೇಟರ್ ಕೊಟ್ಟಾಗ ಮಾತ್ರವಾ, ಬಿಟ್ಟಾಗಲೂ ಇದೆಯಾ? ಸೈಡ್‌ಕಾರ್ ಎಡಕ್ಕಿದ್ದರೆ ಕೊಟ್ಟಾಗ ಎಡಕ್ಕೆ, ಬ್ರೇಕ್ ಹಿಡಿದಾಗ ಬಲಕ್ಕೆ ಹೋಗುವುದು ಸಹಜ. ಎಕ್ಸಲೇಟರ್ ಕೊಟ್ಟಾಗ ಅದರ ಭಾರ ಹಿಂದೆ ಉಳಿಯುತ್ತದೆ, ಬ್ರೇಕ್ ಹಿಡಿದಾಗ ಮುಂದೆ ನುಗ್ಗುತ್ತದೆ. ಸೈಡ್‌ಕಾರ್ ಚಕ್ರಕ್ಕೆ ಬ್ರೇಕ್ ಇದೆಯಾ? ಒಳಗೆ ಭಾರ ಎಷ್ಟಿತ್ತು? ಇನ್ನೊಂದು ಮಾತು, ಬೇಸರ ಮಾಡಬೇಡಿ. ಬೈಕಿನ ಅಭ್ಯಾಸದಲ್ಲಿ ತಿರುವಿಗೆ ಮೈ ಓರೆ ಮಾಡಿ, ಎಡಕ್ಕೆ ಹೋಗಲು ಎಡ ಹ್ಯಾಂಡಲ್ ಮುಂದಕ್ಕೆ ಒತ್ತುತ್ತೇವೆ. ಇಲ್ಲಿ ಹಾಗೆ ಒತ್ತಿದರೆ ಗಾಡಿ ಬಲಕ್ಕೆ ಹೋಗುತ್ತದೆ. ಕಾರಿನ ಹಾಗೆ ಎತ್ತ ಹೋಗಬೇಕೋ ಅತ್ತಲೇ ತಿರುಗಿಸಬೇಕು.

ತೋಟದಮನೆ:
35 ವರ್ಷ ಓಡಿಸಿದವನಿಗೆ ಹ್ಯಾಂಡಲ್ ಹಿಡಿಯುವುದು ಹೇಳಿಕೊಡಬೇಕಾ? ಬ್ರೇಕ್ ಇಲ್ಲ. ಭಾರ ಎಂತದು, ಖಾಲಿ. ಮನೆಯವರು ಅದರಲ್ಲಿ ಕೂರಲು ಒಪ್ಪಿಲ್ಲ.

ಕೊಪ್ಪದಮಳೆ:
ಖಾಲಿ ಅಂತ ಮೊದಲೇ ಹೇಳಬಾರದಿತ್ತಾ! 30 ಕೆಜಿ ಮರಳಿನ ಚೀಲ ನೆಲಕ್ಕೆ ಕಟ್ಟಿ. ಖಾಲಿ ಸೈಡ್‌ಕಾರ್ ಎಡ ತಿರುವಿನಲ್ಲಿ ಏಳದೆ ಇನ್ನೇನು ಮಾಡುತ್ತದೆ? ಅಲ್ಲಿಯತನಕ ಘಾಟಿ ಕಡೆ ಹೋಗಬೇಡಿ. ಹದಿನಾಲ್ಕು ಹೇರ್‌ಪಿನ್, ಅದೂ ಖಾಲಿ ಡಬ್ಬ ಕಟ್ಟಿಕೊಂಡು!

ಗ್ರೀಸ್‌ಕೈ_ಸಾಗರ:
15 ಮಾಡಿದಿರಾ?

ಘಟ್ಟದಮೇಲೆ:
ಸಾಗರದ ಅಣ್ಣ, ಆ ಟೋ-ಇನ್ ಬಿಡಿ. ಲೀನ್ ಯಾರೂ ಕೇಳಲೇ ಇಲ್ಲವಲ್ಲ. ಬೈಕ್ ನೆಟ್ಟಗೆ ನಿಲ್ಲಬಾರದು, ಸೈಡ್‌ಕಾರ್‌ನಿಂದ ಆಚೆಗೆ ಒಂದೆರಡು ಡಿಗ್ರಿ ವಾಲಬೇಕು. ಎಲ್ಲಿ ಜೋಡಿಸಿದಿರಿ ಸಾರ್?

ತೋಟದಮನೆ:
ನಮ್ಮ ಅಂಗಳದಲ್ಲೇ. ವೆಲ್ಡಿಂಗ್ ಹುಡುಗ ತೂಗುಗುಂಡು ಬಿಟ್ಟು ಸರಿಯಾಗಿ ಒಂದು ಡಿಗ್ರಿ ಆಚೆಗೆ ಇಟ್ಟಿದ್ದಾನೆ. ನಾನೇ ನಿಂತು ನೋಡಿದ್ದೇನೆ.

ಘಟ್ಟದಮೇಲೆ:
ಅಡಿಕೆ ಒಣಗಿಸುವ ಅಂಗಳವಾ? ಮಳೆನೀರು ಯಾವ ಕಡೆ ಹರಿಯುತ್ತದೆ?

ತೋಟದಮನೆ:
ತೋಟದ ಕಡೆಗೆ. ಗಾಡಿ ನಿಂತಿದ್ದ ಹಾಗೆ ಬಲಕ್ಕೆ.

ಘಟ್ಟದಮೇಲೆ:
ಅಲ್ಲೇ ಇದೆ ನೋಡಿ. ಮೀಟರಿಗೆ 3 ಸೆಂ.ಮೀ. ಇಳಿಜಾರಿದ್ದರೂ ಹತ್ತಿರ ಹತ್ತಿರ 1.7 ಡಿಗ್ರಿ ಆಯಿತು. ಬಲಕ್ಕೆ ಇಳಿಯುವ ನೆಲದಲ್ಲಿ ತೂಗುಗುಂಡಿಗೆ ಒಂದು ಡಿಗ್ರಿ ಬಲಕ್ಕೆ ಇಟ್ಟ ಗಾಡಿ, ಸಮ ರಸ್ತೆಗೆ ಬಂದರೆ ಎಡಕ್ಕೆ ವಾಲುತ್ತದೆ. ಮೇಲಿಂದ ನಮ್ಮ ರಸ್ತೆಗಳು ನೀರು ಹೋಗಲಿ ಅಂತ ಅಂಚಿಗೆ ಇಳಿದೇ ಇರುತ್ತವೆ. ಎಳೆಯದೆ ಬಿಡುತ್ತದಾ?

ಗ್ರೀಸ್‌ಕೈ_ಸಾಗರ:
ಲೀನ್ ತಪ್ಪಿದರೆ ಟೋ-ಇನ್ನೂ ತಪ್ಪುತ್ತದೆ. ನಾನು ಹೇಳಿದ್ದೂ ಅದನ್ನೇ.

ತೋಟದಮನೆ:
ಊರಿನ ಸಮುದಾಯ ಭವನದ ನೆಲದಲ್ಲಿ ಮತ್ತೆ ಜೋಡಿಸಿದೆವು. ಒಂದೂವರೆ ಡಿಗ್ರಿ ಆಚೆಗೆ. ಮರಳು ಚೀಲವನ್ನೂ ಕಟ್ಟಿದೆ. ಮಂಡಗದ್ದೆವರೆಗೆ ಹೋಗಿ ಬಂದೆ. ಎಕ್ಸಲೇಟರ್ ಕೊಟ್ಟಾಗ ಇನ್ನೂ ಸ್ವಲ್ಪ ಎಳೆಯುತ್ತದೆ, ಆದರೆ ಭುಜ ನೋವಿಲ್ಲ. ಕೊಪ್ಪದವರೇ, ಹ್ಯಾಂಡಲ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ಗಾಬರಿಯಾದಾಗ ಕೈ ಹಳೇ ಬುದ್ಧಿಯನ್ನೇ ತೋರಿಸುತ್ತದೆ. ಗದ್ದೆ ಬಯಲಲ್ಲಿ ದಿನಾ ಅರ್ಧ ಗಂಟೆ ಎಂಟು ಹೊಡೆಯುತ್ತಿದ್ದೇನೆ. ಮನೆಯವರು ಜಗಲಿ ಮೇಲೆ ಕೂತು ನಗುತ್ತಾರೆ. ಸೈಡ್‌ಕಾರ್‌ಗೆ ಬ್ರೇಕ್ ಹಾಕಿಸಲು ಏನು ಖರ್ಚು ಬರಬಹುದು?

ಎಜ್ಡಿಭಕ್ತ:
ಆ ಸೈಡ್‌ಕಾರ್ ಕೊಡುವುದಿದ್ದರೆ ಹೇಳಿ. ನನ್ನ ಎಜ್ಡಿಗೆ ಕೂರುತ್ತದಾ ನೋಡೋಣ.