ವೆಲ್ಲೆಸ್ಲಿ ಸೇತುವೆಗೆ ಕಮಾನು ಯಾಕಿಲ್ಲ?

ಹೊಳೆದಂಡೆ:
ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಮುಗಿದದ್ದು 1804ರಲ್ಲಿ, ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ. ಕಲ್ಲುಕಂಬ, ಅದರ ಮೇಲೆ ಬೋದಿಗೆ (ಕಂಬದ ತಲೆಯಿಂದ ಎರಡೂ ಕಡೆ ಚಾಚಿದ ಕಲ್ಲು), ಅದರ ಮೇಲೆ ತೊಲೆ. ಒಂದೂ ಕಮಾನಿಲ್ಲ. ಗುಂಬಜ್ ಇರುವ ಊರಲ್ಲಿ ಕಮಾನು ಗೊತ್ತಿರಲಿಲ್ಲ ಅನ್ನೋ ಹಾಗೂ ಇಲ್ಲ. ಮತ್ತೆ ಯಾಕೆ ಹೀಗೆ? ಇಂಥ ಸೇತುವೆ ಕೆಡೋದು ಎಲ್ಲಿಂದ? ಬಲ್ಲವರು ತಿಳಿಸಿ.

ಅಂಕಣ:
ಕಮಾನಿನ ಕೊನೆಯ ಕಲ್ಲು ಕೂರುವ ತನಕ ಕೆಳಗೆ ಮರದ ಸೆಂಟ್ರಿಂಗ್ ನಿಂತಿರಬೇಕು. ಮುಂಗಾರಿಗೆ ಕಾವೇರಿ ಏರಿತೋ, ಅಷ್ಟೂ ಕೊಚ್ಚಿಹೋಗುತ್ತದೆ. ಅಲ್ಲದೆ ಕಮಾನು ಪಕ್ಕಕ್ಕೆ ಒದೆಯುತ್ತದೆ, ತೆಳ್ಳನೆ ಕಂಬಗಳ ಮೇಲೆ ಒಂದು ಬಿದ್ದರೆ ಪಕ್ಕದ್ದಕ್ಕೂ ಆಸರೆ ತಪ್ಪುತ್ತದೆ. ಕಂಬ-ತೊಲೆಯಲ್ಲಿ ಹೋಗೋದು ಒಂದೇ ಅಂಕಣ (ಎರಡು ಕಂಬಗಳ ನಡುವಿನ ಭಾಗ), ಬೇರೆ ತೊಲೆ ಏರಿಸಿದರಾಯಿತು. ಮಂಟಪ ಕಟ್ಟಿ ಪಳಗಿದ ಕೈಗೆ ಇದೇ ಸಲೀಸು.

ತೊಂದರೆ ಇರೋದು ತೊಲೆಯಲ್ಲಿ. ಗ್ರಾನೈಟ್ ಎಷ್ಟು ಭಾರ ಹೇರಿದರೂ ತಡೆಯುತ್ತದೆ, ಬಾಗಿಸಿದರೆ ಮಾತ್ರ ಹೇಳದೆ ಕೇಳದೆ ಮುರಿಯುತ್ತದೆ. ಅದಕ್ಕೇ ಬೋದಿಗೆ. ಉದಾಹರಣೆಗೆ ಕಂಬಗಳ ನಡುವೆ 3 ಮೀಟರ್ ಇದ್ದು, ಬೋದಿಗೆ ಎರಡೂ ಕಡೆಯಿಂದ 45 ಸೆಂ.ಮೀ. ಚಾಚಿದರೆ, ತೊಲೆಗೆ ಉಳಿಯೋದು 2.1 ಮೀಟರ್. ಬಾಗುವ ಒತ್ತಡ ಅಂತರದ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ ಸ್ವಂತ ತೂಕದಿಂದ ಬರುವ ಒತ್ತಡ ಸರಿಸುಮಾರು ಅರ್ಧಕ್ಕಿಳಿಯಿತು. 2.5 ಮೀಟರ್ ಉದ್ದ, 45 ಸೆಂ.ಮೀ. ಅಗಲ, 30 ಸೆಂ.ಮೀ. ದಪ್ಪದ ಒಂದು ತೊಲೆಯೇ ಸುಮಾರು 900 ಕೆ.ಜಿ. ತೂಗುತ್ತದೆ ಅನ್ನೋದು ನೆನಪಿರಲಿ.

ಇದಕ್ಕೆ ತೆರುವ ಬೆಲೆ, ಒತ್ತೊತ್ತಾದ ಕಂಬಗಳು. ನೆರೆಯಲ್ಲಿ ಬಂದ ಮರದ ದಿಮ್ಮಿ, ಜೊಂಡು ಸಂದಿಗೆ ಸಿಕ್ಕಿಕೊಂಡರೆ ಸೇತುವೆ ಅರ್ಧ ಅಣೆಕಟ್ಟಾಗುತ್ತದೆ. ಮೇಲ್ಗಡೆ ನೀರು ಏರಿ, ಸಿಕ್ಕ ಸಂದಿಯಲ್ಲಿ ರಭಸವಾಗಿ ನುಗ್ಗಿ ಕಂಬದ ಬುಡ ಕೊರೆಯುತ್ತದೆ. ಬುಡ ಬಂಡೆಯ ಮೇಲಿದ್ದರೆ ಬಚಾವ್, ಮರಳಿನ ಮೇಲಿದ್ದರೆ ಕಷ್ಟ. ಶಿವನಸಮುದ್ರದ ಹಳೇ ಕಲ್ಲುಸೇತುವೆಯ ಒಂದು ಭಾಗ 2018ರ ನೆರೆಯಲ್ಲಿ ಕುಸಿದುಹೋಯಿತು.

ಸುಣ್ಣಗಾರೆ:
ನೆರೆ ಬಿಟ್ಟರೆ ದೊಡ್ಡ ಶತ್ರು ಅರಳಿ ಗಿಡ. ಸಸಿ ಕಂಡರೆ ಎಳೆಯಬೇಡಿ, ಬೇರಿನ ಜೊತೆ ಕಲ್ಲೂ ಸಡಿಲವಾಗುತ್ತದೆ. ಬುಡಕ್ಕೆ ಕತ್ತರಿಸಿ, ಹಸಿ ಗಾಯಕ್ಕೆ ಆಗಲೇ ಕಳೆನಾಶಕ ಹಚ್ಚಿ, ಬೇರು ಒಣಗಿದ ಮೇಲೆ ಸಂದಿ ಬಿಡಿಸಿ.

ಸಂದಿಗೆ ಸಿಮೆಂಟ್ ಬೇಡವೇ ಬೇಡ. ಅದು ಗಡುಸಾಗಿ ಕೂತು, ಒಳಗಿನ ನೀರನ್ನು ಹೊರಗೆ ಬಿಡೋದಿಲ್ಲ. ಸಂದಿಯ ಅಗಲದ ಎರಡರಷ್ಟು ಆಳಕ್ಕೆ ಕೆರೆದು, ತೊಳೆದು, ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಮರಳು ಕಲಸಿ ಒತ್ತಿ ತುಂಬಿ. ಒದ್ದೆ ಗೋಣಿ ಹೊದಿಸಿ ಒಂದು ವಾರವಾದರೂ ತೇವ ಆರದ ಹಾಗೆ ನೋಡಿಕೊಳ್ಳಬೇಕು. ಇದು ಬಿಸಿಲಿಗೆ ಬೇಗ ಒಣಗಿದರೆ ಪುಡಿಯಾಗಿ ಉದುರುತ್ತದೆ.

ತೊಲೆಯ ಅಡಿಭಾಗದಲ್ಲಿ, ನಟ್ಟನಡುವೆ ಅಡ್ಡ ಬಿರುಕು ಕಂಡರೆ ಗಾರೆ ತುಂಬಿ ಮುಚ್ಚೋದು ಮೋಸ. ಆ ಅಂಕಣದ ಮೇಲೆ ಓಡಾಟ ನಿಲ್ಲಿಸಿ, ಕೆಳಗಿಂದ ಆಸರೆ ಕೊಟ್ಟು ತೊಲೆ ಬದಲಿಸಲೇಬೇಕು.

ಅಂಕಣ:
ಹೆಸರಿನ ಬಗ್ಗೆ ಒಂದು ಮಾತು. ಪೂರ್ಣಯ್ಯನವರು ಸೇತುವೆಗೆ ಇಟ್ಟದ್ದು ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಯ ಹೆಸರು. ಪಟ್ಟಣದಲ್ಲಿ ಸೇನೆ ಇಟ್ಟುಕೊಂಡಿದ್ದ ಆರ್ಥರ್ ವೆಲ್ಲೆಸ್ಲಿ ಅವನ ತಮ್ಮ.