ನೇರಳೆ ಎಲೆಯ ಭತ್ತ ಬಿಸಿಲನ್ನು ಹೆಚ್ಚು ತಾಳುತ್ತದೆಯೇ? ಅನುಭವಸ್ಥರ ಉತ್ತರಗಳು

ಕೇಳಿಕೆ: ನಮ್ಮ ಊರಿನ ಬೀಜ ಸಂಗ್ರಹದಲ್ಲಿರುವ ದೇಸಿ ಭತ್ತದ ತಳಿಗಳಲ್ಲಿ ಕೆಲವಕ್ಕೆ ಎಲೆಯೂ ಕಾಂಡದ ಬುಡವೂ ನೇರಳೆ, ಉಳಿದವು ಹಸಿರು. ಬೇಸಿಗೆ ಬೆಳೆಯಲ್ಲಿ ಕಡು ಬಿಸಿಲನ್ನು ತಾಳುವ ತಳಿಗಳನ್ನು ಆರಿಸಿ ಸಂಕರಕ್ಕೆ ಬಳಸಬೇಕೆಂದಿದ್ದೇವೆ. ನೇರಳೆ ಬಣ್ಣವನ್ನೇ ಆಯ್ಕೆಯ ಗುರುತಾಗಿ ಹಿಡಿಯಬಹುದೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಸಸ್ಯಶರೀರಶಾಸ್ತ್ರದ ಅಧ್ಯಾಪಕಿಯೊಬ್ಬರು: ಬಣ್ಣವೊಂದನ್ನೇ ನೆಚ್ಚಿಕೊಳ್ಳಬೇಡಿ. ಎಲೆಗೆ ನೇರಳೆ ಬಣ್ಣ ಕೊಡುವ ಆಂಥೋಸಯಾನಿನ್ ಮುಖ್ಯವಾಗಿ ಹೀರುವುದು 530 ನ್ಯಾನೋಮೀಟರ್ ಆಸುಪಾಸಿನ ಹಸಿರು ಬೆಳಕನ್ನು. ವಿಪರೀತ ಬೆಳಕಿನಿಂದ ಅದು ಎಲೆಯನ್ನು ಒಂದು ಮಟ್ಟಿಗೆ ಕಾಯುತ್ತದೆ, ನಿಜ. ಆದರೆ ಡಿಎನ್‌ಎಗೆ ನೇರವಾಗಿ ಪೆಟ್ಟು ಕೊಡುವುದು 280ರಿಂದ 315 ನ್ಯಾನೋಮೀಟರಿನ ಅತಿನೇರಳೆ-ಬಿ ಕಿರಣ. ಅದನ್ನು ಎಲೆಯ ಹೊರಪದರದಲ್ಲೇ ತಡೆಯುವ ಹೊಣೆ ಹೆಚ್ಚಾಗಿ ಗಿಡವೇ ತಯಾರಿಸಿಕೊಳ್ಳುವ ಫ್ಲೇವೋನ್ ಮೊದಲಾದ ಫೀನಾಲಿಕ್ ಸಂಯುಕ್ತಗಳದ್ದು. ಇವು ಎಲೆಯಲ್ಲಿ ಎಷ್ಟೇ ಇದ್ದರೂ ಕಣ್ಣಿಗೆ ಬಣ್ಣವಾಗಿ ತೋರುವುದಿಲ್ಲವಾದ್ದರಿಂದ, ಅಚ್ಚ ಹಸಿರಾಗಿರುವ ತಳಿಯೇ ಒಳಗೆ ಒಳ್ಳೆಯ ಕೊಡೆ ಹಿಡಿದಿರಬಹುದು. ಫ್ಲೇವೋನ್ ಅಣುವಿಗೆ ಸಕ್ಕರೆಯನ್ನು ಜೋಡಿಸುವ ಕಿಣ್ವಗಳ ಜೀನ್‌ಗಳಲ್ಲಿ ತಳಿಯಿಂದ ತಳಿಗೆ ಇರುವ ಸಹಜ ವ್ಯತ್ಯಾಸವು ಭತ್ತದ ಅತಿನೇರಳೆ ತಾಳಿಕೆಯನ್ನೂ ಬದಲಿಸುತ್ತದೆ ಎಂಬುದನ್ನು ಚೀನಾದ ಸಂಶೋಧಕರು 2017ರಲ್ಲಿ ತೋರಿಸಿದರು.

ಇನ್ನೊಂದು ಸಂಗತಿ ಇದೆ, ನನಗೆ ಇದೇ ಹೆಚ್ಚು ಮುಖ್ಯವೆನಿಸುತ್ತದೆ. ರಕ್ಷಕ ಸಂಯುಕ್ತ ಎಷ್ಟಿದ್ದರೂ ಸ್ವಲ್ಪ ಕಿರಣ ಒಳಗೆ ನುಸುಳಿಯೇ ನುಸುಳುತ್ತದೆ. ಆಗ ಕೆಟ್ಟ ಡಿಎನ್‌ಎಯನ್ನು ಸರಿಪಡಿಸುವ ಫೋಟೋಲಯೇಸ್ ಎಂಬ ಕಿಣ್ವ ಎಲ್ಲ ತಳಿಗಳಲ್ಲೂ ಒಂದೇ ಚುರುಕಿನದಲ್ಲ. ಜಪಾನಿನ ಭತ್ತದ ತಳಿ ಸಸಾನಿಶಿಕಿ ಅತಿನೇರಳೆ-ಬಿ ಕಿರಣವನ್ನು ತಾಳುತ್ತದೆ, ಅದರ ಹತ್ತಿರದ ಸಂಬಂಧಿ ನೋರಿನ್ 1 ತಾಳುವುದಿಲ್ಲ. ಈ ಅಂತರದ ಮೂಲದಲ್ಲಿರುವುದು ಆ ಕಿಣ್ವದ 126ನೆಯ ಸ್ಥಾನದ ಒಂದೇ ಒಂದು ಅಮೈನೋ ಆಮ್ಲ, ಮೊದಲನೆಯದರಲ್ಲಿ ಗ್ಲುಟಮಿನ್, ಎರಡನೆಯದರಲ್ಲಿ ಆರ್ಜಿನಿನ್. ಭಾರತ ಮೂಲದ ಕಾಸಲಾತ್ ತಳಿಯನ್ನು ಜಪಾನಿನ ನಿಪ್ಪೊನ್‌ಬಾರೆಯೊಂದಿಗೆ ಸಂಕರಿಸಿ ಹುಡುಕಿದಾಗಲೂ 10ನೆಯ ವರ್ಣತಂತುವಿನಲ್ಲಿ ಸಿಕ್ಕಿದ್ದು ಇದೇ ಕಿಣ್ವದ ಜೀನ್, ಮತ್ತು ತಾಳಿಕೆ ಬಂದದ್ದು ನಿಪ್ಪೊನ್‌ಬಾರೆಯ ಕಡೆಯಿಂದ. ಬಿಸಿಲ ನಾಡಿನ ತಳಿಯೆಂದ ಮಾತ್ರಕ್ಕೆ ಬಿಸಿಲಿಗೆ ಗಟ್ಟಿ ಎಂದು ನಾವು ಊಹಿಸಿಕೊಳ್ಳುವುದಕ್ಕೆ ಇಲ್ಲಿ ಆಧಾರವಿಲ್ಲ. ಆದ್ದರಿಂದ ಸಂಕರಕ್ಕೆ ಜೋಡಿ ಆರಿಸುವಾಗ ಸಂಯುಕ್ತ ಹೆಚ್ಚಿರುವ ಒಂದು ತಳಿಯನ್ನೂ ದುರಸ್ತಿಯಲ್ಲಿ ಚುರುಕಾದ ಇನ್ನೊಂದನ್ನೂ ಕೂಡಿಸುವುದು, ನೇರಳೆಗೆ ನೇರಳೆಯನ್ನು ಕೂಡಿಸುವುದಕ್ಕಿಂತ ಒಳ್ಳೆಯದು.

ಕೊಪ್ಪಳ ಜಿಲ್ಲೆಯ ದಾಳಿಂಬೆ ಬೆಳೆಗಾರರೊಬ್ಬರು: ನಾನು ಭತ್ತ ಬೆಳೆದವನಲ್ಲ, ಆದರೆ ಬಣ್ಣದ ಪ್ರಶ್ನೆ ನಮ್ಮಲ್ಲೂ ಇದೆ. ಗಣೇಶ್ ತಳಿಗಿಂತ ಭಗವಾ ಹಣ್ಣಿನ ಸಿಪ್ಪೆ ಎಷ್ಟೋ ಕೆಂಪು; ಆದರೂ ಮಧ್ಯಾಹ್ನದ ನಂತರದ ಬಿಸಿಲು ಬೀಳುವ ಪಡುವಣ ಮಗ್ಗುಲಿನಲ್ಲಿ ಭಗವಾ ಕೂಡ ಸುಡುತ್ತದೆ. ನಾನು ಗಮನಿಸಿದಂತೆ, ಮಿಡಿಯಾಗಿದ್ದಾಗಿನಿಂದಲೂ ಬಿಸಿಲು ಕಂಡ ಹಣ್ಣಿಗಿಂತ, ಎಲೆಯ ಮರೆಯಲ್ಲಿ ಬೆಳೆದು ಕೊಂಬೆ ಭಾರಕ್ಕೆ ಬಾಗಿದ ಮೇಲೆ ಒಮ್ಮೆಲೇ ಬಿಸಿಲಿಗೆ ಒಡ್ಡಿಕೊಂಡ ಹಣ್ಣಿನಲ್ಲಿ ಕಲೆ ಹೆಚ್ಚು. ತಳಿಯೂ ಒಂದೇ, ಗಿಡವೂ ಒಂದೇ! ಅಂದಮೇಲೆ ನಿಮ್ಮ ಸಸಿಮಡಿಗಳಲ್ಲಿ ಕೆಲವು ನೆರಳಿನಲ್ಲಿ, ಕೆಲವು ಬಯಲಿನಲ್ಲಿ ಇದ್ದರೆ, ನೀವು ನೋಡುವ ವ್ಯತ್ಯಾಸ ತಳಿಯದ್ದಾಗಿರದೆ ಜಾಗದ್ದಾಗಿರಬಹುದು.

ಪ್ರಯೋಗಾಲಯದಲ್ಲಿ ಕೆಲಸ ಮಾಡುವವರೊಬ್ಬರು: ಮೇಲಿನ ಮಾತಿಗೆ ಇದನ್ನು ಸೇರಿಸುತ್ತೇನೆ. ಪಾಲಿಹೌಸ್‌ನಲ್ಲಿ ಬೆಳೆಸಿದ ಸಸಿಗಳನ್ನು ಅಳೆಯಬೇಡಿ. ಅಲ್ಲಿಯ ಹಾಳೆಗಳು ಸಾಮಾನ್ಯವಾಗಿ ಅತಿನೇರಳೆ-ಬಿ ಕಿರಣದ ದೊಡ್ಡ ಪಾಲನ್ನು ತಡೆಯುತ್ತವೆ, ಗಾಜಂತೂ ಬಹುತೇಕ ಪೂರ್ತಿಯಾಗಿ ತಡೆಯುತ್ತದೆ. ಆ ಕಿರಣ ತಾಗದೆ ಎಲೆ ಮೇಲೆ ಹೇಳಿದ ರಕ್ಷಕ ಸಂಯುಕ್ತಗಳನ್ನು ಪೂರ್ಣ ಪ್ರಮಾಣದಲ್ಲಿ ತಯಾರಿಸುವುದಿಲ್ಲ. ಕತ್ತಲೆ ಕೋಣೆಯಲ್ಲಿ ಅತಿನೇರಳೆ ದೀಪವೊಂದನ್ನೇ ಹಚ್ಚಿ ಪರೀಕ್ಷಿಸುವುದೂ ಸಲ್ಲದು, ಏಕೆಂದರೆ ಫೋಟೋಲಯೇಸ್ ಕೆಲಸ ಮಾಡಲು ನೀಲಿ ಬೆಳಕು ಬೇಕು. ಅದಿಲ್ಲದಿದ್ದರೆ ದುರಸ್ತಿಯಲ್ಲಿ ಚುರುಕಾದ ತಳಿಯೂ ಸೋತಂತೆ ಕಾಣುತ್ತದೆ.

ಈ ರಕ್ಷಕ ಸಂಯುಕ್ತಗಳ ಅಳತೆ ಕಷ್ಟದ್ದಲ್ಲ. ಎಲ್ಲ ತಳಿಗಳಿಂದಲೂ ಒಂದೇ ವಯಸ್ಸಿನ, ಪೂರ್ತಿ ಬಿಚ್ಚಿಕೊಂಡ ಎಲೆಯಿಂದ ಒಂದೇ ಅಳತೆಯ ಬಿಲ್ಲೆಗಳನ್ನು ಕತ್ತರಿಸಿ, ಮೆಥನಾಲ್, ನೀರು, ಹೈಡ್ರೋಕ್ಲೋರಿಕ್ ಆಮ್ಲಗಳನ್ನು 79:20:1ರ ಪ್ರಮಾಣದಲ್ಲಿ ಬೆರೆಸಿದ ದ್ರಾವಣದಲ್ಲಿ ತಂಪಾದ ಕತ್ತಲೆಯಲ್ಲಿ ಒಂದು ದಿನ ನೆನೆಹಾಕಿ, 305 ನ್ಯಾನೋಮೀಟರಿನಲ್ಲಿ ಎಷ್ಟು ಬೆಳಕು ಹೀರಲ್ಪಟ್ಟಿತು ಎಂಬುದನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ (ದ್ರಾವಣ ಹೀರುವ ಬೆಳಕನ್ನು ಅಳೆಯುವ ಯಂತ್ರ) ನೋಡಿ. ಇದಕ್ಕೆ ದ್ರಾವಣ ತುಂಬಿಡುವ ಪುಟ್ಟ ಪಾತ್ರೆ, ಅಂದರೆ ಕ್ಯುವೆಟ್, ಕ್ವಾರ್ಟ್ಸ್‌ನದೇ ಆಗಬೇಕು, ಮಾಮೂಲಿ ಗಾಜಿನದು ನಡೆಯದು. ಅದೇ ದ್ರಾವಣವನ್ನು 530ರಲ್ಲಿ ಓದಿ, 657ರ ಓದಿನ ಕಾಲು ಭಾಗವನ್ನು ಕಳೆದರೆ ಆಂಥೋಸಯಾನಿನ್ ಎಷ್ಟೆಂಬ ಅಂದಾಜೂ ಸಿಗುತ್ತದೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದಿಟ್ಟರೆ ನಿಮ್ಮ ಸಂಗ್ರಹದಲ್ಲಿ ನೇರಳೆಯೂ ರಕ್ಷಣೆಯೂ ಜೊತೆಯಾಗಿ ಸಾಗುತ್ತವೆಯೋ ಇಲ್ಲವೋ ನಿಮಗೇ ಕಾಣುತ್ತದೆ.

ಮೊದಲು ಉತ್ತರಿಸಿದ ಅಧ್ಯಾಪಕಿಯೇ ಮತ್ತೆ: ಈ ಅಳತೆಯಿಂದ ದುರಸ್ತಿಯ ಶಕ್ತಿ ತಿಳಿಯುವುದಿಲ್ಲ, ಅದಕ್ಕೆ ಗದ್ದೆಯೇ ಬೇಕು. ಬೇಸಿಗೆ ಬೆಳೆಯಲ್ಲಿ ಪ್ರತಿ ತಳಿಯ ಸಾಲಿನ ಅರ್ಧಕ್ಕೆ ಅತಿನೇರಳೆ-ಬಿ ತಡೆಯುವ ಪಾರದರ್ಶಕ ಪಾಲಿಯೆಸ್ಟರ್ ಹಾಳೆಯನ್ನೂ, ಉಳಿದ ಅರ್ಧಕ್ಕೆ ಅದನ್ನು ಒಳಬಿಡುವ ಸೆಲ್ಯುಲೋಸ್ ಅಸಿಟೇಟ್ ಹಾಳೆಯನ್ನೂ ಒಂದೇ ಎತ್ತರದಲ್ಲಿ, ಗಾಳಿಯಾಡುವಂತೆ ಕಟ್ಟಿ. ನೀರು ಒಂದು ದಿನವೂ ಕಡಿಮೆಯಾಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಬಾಯಾರಿದ ಎಲೆಯ ಸುರುಳಿಯನ್ನೂ ಬಿಸಿಲಿನ ಪೆಟ್ಟಿನ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ಎರಡೂ ಅರ್ಧಗಳಲ್ಲಿ ತೆಂಡೆಯೂ ಕಾಳಿನ ತೂಕವೂ ಹೆಚ್ಚುಕಡಿಮೆ ಒಂದೇ ಆಗಿ ಬಂದ ತಳಿಗಳನ್ನು ಅವುಗಳ ಬಣ್ಣ ನೋಡದೆ ಆರಿಸಿಕೊಳ್ಳಿ.