ಗ್ರಾಹಕ ತೆಗೆದರೆ ಮಿದುಳು ಸರಿ, ಹಾರ್ಮೋನ್ ತೆಗೆದರೆ ಹಾಳು: ಯಾಕೆ ಹೀಗೆ?

ಪ್ರಶ್ನೆ
ಥೈರಾಯ್ಡ್ ಹಾರ್ಮೋನ್ ಟಿ3 ಜೀನ್‌ಗಳನ್ನು ಮುಟ್ಟುವುದು ಗ್ರಾಹಕದ (ಕೋಶದೊಳಗೆ ಅದನ್ನು ಹಿಡಿಯುವ ಪ್ರೋಟೀನ್) ಮೂಲಕ ತಾನೆ? ಹಾಗಿದ್ದರೆ ಟಿಆರ್ ಆಲ್ಫಾ1 ಎಂಬ ಆ ಗ್ರಾಹಕ ಇಲ್ಲದ ಇಲಿಮರಿಯ ಕಿರುಮೆದುಳು ಹೆಚ್ಚುಕಡಿಮೆ ಸರಿಯಾಗಿಯೇ ಬೆಳೆದು, ಹಾರ್ಮೋನ್ ಇಲ್ಲದ ಮರಿಯದ್ದು ಮಾತ್ರ ಕೆಡುವುದೇಕೆ? ಜೊತೆಗೆ ಇನ್ನೊಂದು: ಕಾರ್ಟೆಕ್ಸ್ ನ್ಯೂರಾನ್ ಕಲ್ಚರ್‌ಗೆ (ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ) 10 ನ್ಯಾನೊಮೋಲಾರ್ ಟಿ3 ಹಾಕಿದರೂ ಕ್ಯುಪಿಸಿಆರ್‌ನಲ್ಲಿ (ಎಂಆರ್‌ಎನ್‌ಎ ಅಳೆಯುವ ವಿಧಾನ), ಟಿ3ಗೆ ಏರಬೇಕಾದ ಕೆಎಲ್‌ಎಫ್9 ಜೀನ್ ಏರದಿದ್ದರೆ ಮೊದಲು ಏನು ನೋಡಬೇಕು?

ಉತ್ತರ 1
ಟಿ3 ಬರುವ ತನಕ ಗ್ರಾಹಕ ಸುಮ್ಮನೆ ಕೂತಿರುತ್ತದೆ ಅಂದುಕೊಂಡರೆ ಈ ಒಗಟು ಬಿಡಿಸಲಾಗದು. ಅದು ಆರ್‌ಎಕ್ಸ್‌ಆರ್ ಎಂಬ ಇನ್ನೊಂದು ಗ್ರಾಹಕದ ಜೋಡಿಯಾಗಿ ಮೊದಲೇ ಡಿಎನ್‌ಎ ಮೇಲೆ ಇರುತ್ತದೆ. ಅದು ಕೂರುವ ಮಾದರಿ ಜಾಗವೆಂದರೆ ನಾಲ್ಕು ಬೇಸ್ (ಡಿಎನ್‌ಎ ಅಕ್ಷರ) ಅಂತರದ ಎರಡು ಎಜಿಜಿಟಿಸಿಎ ಸಾಲು. ಟಿ3 ಇಲ್ಲದಾಗ ಎನ್‌ಕೋಆರ್, ಎಸ್‌ಎಂಆರ್‌ಟಿ ಎಂಬ ಅದುಮುವ ಪ್ರೋಟೀನ್‌ಗಳನ್ನು ಹಿಡಿದುಕೊಂಡು, ಅವುಗಳ ಜೊತೆಗಿನ ಎಚ್‌ಡಿಎಸಿ3 ಕಿಣ್ವದ ಮೂಲಕ ಹಿಸ್ಟೋನ್‌ಗಳ (ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್‌ಗಳ) ಅಸಿಟೈಲ್ ಕೀಳಿಸಿ ಜೀನನ್ನು ಅದುಮಿಡುತ್ತದೆ. ಟಿ3 ಕೂತೊಡನೆ ಗ್ರಾಹಕದ 12ನೇ ಹೆಲಿಕ್ಸ್ (ಸುರುಳಿ ಭಾಗ) ಮಡಚಿ ಆ ಅದುಮುವ ಗುಂಪು ಕಳಚುತ್ತದೆ, ಜೀನನ್ನು ಎಬ್ಬಿಸುವ ಎಸ್‌ಆರ್‌ಸಿ, ಪಿ300 ಬಂದು ಸೇರುತ್ತವೆ.

ಅಂದರೆ ಹಾರ್ಮೋನ್ ಇಲ್ಲದಿದ್ದರೆ ಬರೀ ಕೊರತೆಯಲ್ಲ, ಅದುಮುವ ಕೈ ಬಿಗಿಯಾಗಿಯೇ ಇರುತ್ತದೆ. ಗ್ರಾಹಕವೇ ಇಲ್ಲದಿದ್ದರೆ ಆ ಕೈಯೂ ಇಲ್ಲ. 2002ರ ಪ್ರಯೋಗದಲ್ಲಿ ಟಿಆರ್ ಆಲ್ಫಾ1 ಇಲ್ಲದ ಇಲಿಗಳನ್ನು ಹೈಪೋಥೈರಾಯ್ಡ್ (ಥೈರಾಯ್ಡ್ ಹಾರ್ಮೋನ್ ಕೊರತೆಯವು) ಮಾಡಿದರೂ ಕಿರುಮೆದುಳಿನ ರಚನೆ ಕೆಡಲಿಲ್ಲ. ಸೊಗಸಾದ ಪುರಾವೆ, ಇದಕ್ಕಿಂತ ನೇರವಾದದ್ದು ಬೇಕಿಲ್ಲ. 2012ರಲ್ಲಿ ವರದಿಯಾದ ಮನುಷ್ಯರ ಟಿಎಚ್‌ಆರ್‌ಎ (ಟಿಆರ್ ಆಲ್ಫಾ ಗ್ರಾಹಕದ ಜೀನ್) ರೂಪಾಂತರದಲ್ಲೂ ಒಂದು ಕೆಟ್ಟ ಪ್ರತಿ ಸಾಕು: ಹಾರ್ಮೋನ್ ಇದ್ದರೂ ಅದು ಹಿಡಿತ ಬಿಡುವುದಿಲ್ಲ.

ಉತ್ತರ 2
ಕಲ್ಚರ್ ವಿಷಯಕ್ಕೆ: ಮೀಡಿಯಂನಲ್ಲಿ ಬಿ27 ಪೂರಕ ಇದೆಯೇ? ಸಾಮಾನ್ಯ ಬಿ27ನಲ್ಲಿ ಟಿ3 ಮೊದಲೇ ಇರುತ್ತದೆ. ಕಂಟ್ರೋಲ್ ತಟ್ಟೆಯೇ ಏರಿ ಕೂತಿದ್ದರೆ ವ್ಯತ್ಯಾಸ ಎಲ್ಲಿಂದ ಬರಬೇಕು? ಸೀರಮ್‌ನದೂ ಅದೇ ಕಥೆ. ಇದ್ದಿಲು ಅಥವಾ ರೆಸಿನ್‌ನಿಂದ ಹಾರ್ಮೋನ್ ತೆಗೆದದ್ದು ಬೇಕು. ಟಿ3 ಇಲ್ಲದ ಪೂರಕಕ್ಕೆ ಬದಲಿಸಿ, ಒಂದೆರಡು ದಿನ ಬಿಟ್ಟು, ಆಮೇಲೆ 24 ಗಂಟೆ ಟಿ3 ಕೊಡಿ. ಟಿ3 ಸ್ಟಾಕನ್ನು ತೆಳು ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿಸಿ. ಟಿ3 ಪ್ಲಾಸ್ಟಿಕ್‌ಗೆ ಅಂಟುವುದರಿಂದ, ಕೊನೆಯ ದುರ್ಬಲ ದ್ರಾವಣವನ್ನು ಸ್ವಲ್ಪ ಬಿಎಸ್‌ಎ (ದನದ ಸೀರಮ್ ಆಲ್ಬುಮಿನ್) ಇರುವ ಮೀಡಿಯಂನಲ್ಲಿ ಮಾಡಿ.

ಟಿ3 ಬದಲು ಟಿ4 ಹಾಕಿ ನೋಡುವುದಾದರೆ ಜೋಪಾನ. ಟಿ4ನ್ನು ಟಿ3 ಮಾಡುವ ಡಿ2 ಕಿಣ್ವ ಮಿದುಳಲ್ಲಿ ಮುಖ್ಯವಾಗಿ ಆಸ್ಟ್ರೋಸೈಟ್‌ಗಳದ್ದು. ನ್ಯೂರಾನ್‌ಗಳಲ್ಲಿರುವುದು ಡಿ3, ಅದು ಹಾರ್ಮೋನನ್ನು ಕೆಡಿಸುತ್ತದೆ.

ಉತ್ತರ 3
ಮೇಲಿನದಕ್ಕೆ ಸೇರಿಸಿ: ಏರಿಕೆ ಕಂಡರೂ ಅದು ನೇರ ಪರಿಣಾಮ ಅಂತ ಬರೆಯಬೇಡಿ. ಟಿ3 ಜೊತೆ ಸೈಕ್ಲೋಹೆಕ್ಸಿಮೈಡ್ ಕೊಟ್ಟು ಪ್ರೋಟೀನ್ ತಯಾರಿ ನಿಲ್ಲಿಸಿದಾಗಲೂ ಎಂಆರ್‌ಎನ್‌ಎ ಏರಿದರೆ ಮಾತ್ರ ನೇರ ಎನ್ನಬಹುದು. ಸೈಕ್ಲೋಹೆಕ್ಸಿಮೈಡ್ ಒಂದನ್ನೇ ಹಾಕಿದ ತಟ್ಟೆ ಕಡ್ಡಾಯ, ಕೆಲವು ಎಂಆರ್‌ಎನ್‌ಎಗಳು ಅದರಿಂದಲೇ ಏರುತ್ತವೆ.

ಇಡೀ ಮರಿಯಲ್ಲಿ ಅಳೆಯುವಾಗ ವಯಸ್ಸು ನೋಡಿಕೊಳ್ಳಿ. ಮಯಲಿನ್ (ನರತಂತುವಿನ ಹೊದಿಕೆ) ಪ್ರೋಟೀನ್ ಎಂಬಿಪಿ ಹೈಪೋಥೈರಾಯ್ಡ್ ಇಲಿಮರಿಯಲ್ಲಿ ಎರಡನೇ, ಮೂರನೇ ವಾರ ಕಡಿಮೆ ಇದ್ದು, ಆಮೇಲೆ ತಡವಾಗಿ ಸಮಕ್ಕೆ ಬರುತ್ತದೆ. ಎರಡು ತಿಂಗಳ ಇಲಿಯಲ್ಲಷ್ಟೇ ಅಳೆದವರಿಗೆ ಏನೂ ಆಗಿಲ್ಲವೆಂದೇ ಕಾಣುತ್ತದೆ.